ಘಟ್ಟ ಹತ್ತಿದ ಮಕ್ಕಳು: ಚಳಿಜ್ವರ, ಸಾಲ ಮತ್ತು ಕಾಫಿ ತೋಟ

ಚಿಕ್ಕಮಗಳೂರಿನ ಕಾಫಿ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಬಾಬಾಬುಡನ್ ತಂದ ಬೀಜದಿಂದ ಶುರು ಮಾಡುತ್ತಾರೆ. 1830ರ ಆಸುಪಾಸಿನಲ್ಲಿ ಕ್ಯಾನನ್ ಎಂಬ ಇಂಗ್ಲಿಷಿನವ ಹಾಕಿದ ತೋಟಕ್ಕೆ ಬರುತ್ತಾರೆ. ಅಲ್ಲಿಂದ ಮುಂದೆ ಮಾತೆಲ್ಲ ತಳಿ, ಬೆಲೆ, ರಫ್ತಿನದು. ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳು ಈ ಕತೆಯಲ್ಲಿ ಬರುವುದೇ ಇಲ್ಲ. ಆ ಮಕ್ಕಳು ಎಷ್ಟನೇ ವಯಸ್ಸಿಗೆ ದೊಡ್ಡವರಾದರು? ಮನೆಯಲ್ಲಿ ಯಾರು ಸತ್ತರು, ಎಷ್ಟು ಸಾಲ ಉಳಿಯಿತು ಎಂಬುದರ ಮೇಲೆ ಅದು ನಿಂತಿತ್ತು.

ಮೂಡಿಗೆರೆ, ಕಳಸದ ಕಡೆಯ ತೋಟಗಳಿಗೆ ಆಳುಗಳು ಬರುತ್ತಿದ್ದದ್ದು ಬಯಲುಸೀಮೆಯಿಂದ, ತಮಿಳು ನಾಡಿನಿಂದ ಮತ್ತು ಘಟ್ಟದ ಕೆಳಗಿನಿಂದ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೇಲೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಚಾರ್ಮಾಡಿ ಘಾಟಿ ಹತ್ತಿದರೆ ರಾಜ್ಯವೇ ಬೇರೆ, ಹವೆಯೂ ಬೇರೆ. ಹೀಗೆ ಹತ್ತಿಸಿಕೊಂಡು ಬರುವವನು ಮೇಸ್ತ್ರಿ. ಅವನ ಕೈಯಲ್ಲಿ ಮುಂಗಡದ ಹಣ. ದುಡ್ಡು ಮೊದಲು, ದುಡಿಮೆ ಆಮೇಲೆ. ಮದುವೆಗೋ, ಮಳೆಗಾಲದ ಅಕ್ಕಿಗೋ ತೆಗೆದುಕೊಂಡ ನಾಲ್ಕಾರು ರೂಪಾಯಿ ತೀರಿಸಲು ವರ್ಷಗಳೇ ಹಿಡಿಯುತ್ತಿದ್ದವು.

ಇದಕ್ಕೆ ಕಾನೂನಿನ ಬೆಂಬಲವೂ ಇತ್ತು. ಬ್ರಿಟಿಷರ 1859ರ 13ನೇ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನು ಹಣ ಕೊಡಬೇಕು ಇಲ್ಲವೇ ಕೆಲಸ ಮಾಡಬೇಕು ಎಂದು ಮ್ಯಾಜಿಸ್ಟ್ರೇಟ್ ಆದೇಶಿಸಬಹುದಿತ್ತು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಸೆರೆ. ಕೂಲಿಯ ಕರಾರು ಮುರಿಯುವುದನ್ನು ಅಪರಾಧವಾಗಿಸಿದ ಈ ಕಾಯ್ದೆ ರದ್ದಾದದ್ದು 1925ರಲ್ಲಿ. ಆದರೆ ಮುಂಗಡದ ಪದ್ಧತಿ ಕಾಯ್ದೆಯ ಜೊತೆಗೆ ಹೋಗಲಿಲ್ಲ. ಪಡೆದವನು ಸತ್ತರೂ ಸಾಲ ಸಾಯುತ್ತಿರಲಿಲ್ಲ. ಮಕ್ಕಳ ಹೆಗಲಿಗೆ ಬರುತ್ತಿತ್ತು.

ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿದವರಿಗೆ ಇದು ಹೊಸದಲ್ಲ. ತಾಯಿಯಿಲ್ಲದ ಆ ಮನೆಯಲ್ಲಿ ಕಾಫಿ ತೋಟದ ಸಾಲ ತೀರಿಸಲು ಚೋಮ ಮೊದಲು ದೊಡ್ಡ ಮಕ್ಕಳಿಬ್ಬರನ್ನು ಘಟ್ಟಕ್ಕೆ ಕಳಿಸುತ್ತಾನೆ. ಗುರುವ ಅಲ್ಲೇ ಮತಾಂತರಗೊಂಡು ಉಳಿದುಬಿಡುತ್ತಾನೆ. ಚನಿಯನನ್ನು ಜ್ವರ ನುಂಗುತ್ತದೆ. ಸಾಲ ಮಾತ್ರ ಹಾಗೆಯೇ ಇರುತ್ತದೆ. ಆಗ ಘಟ್ಟ ಹತ್ತುವ ಸರದಿ ಬೆಳ್ಳಿಯದು. ಅಮ್ಮನಿಲ್ಲದ ಮನೆಗೆ ಅಮ್ಮನಾಗಿದ್ದ ಹುಡುಗಿ ಅಣ್ಣಂದಿರ ಜಾಗದಲ್ಲಿ ಆಳೂ ಆಗುತ್ತಾಳೆ. ಬೆಳ್ಳಿ ಕಲ್ಪನೆಯ ಪಾತ್ರ; ಅವಳನ್ನು ಘಟ್ಟ ಹತ್ತಿಸಿದ ಸಾಲ ಮತ್ತು ಜ್ವರ ಕಲ್ಪನೆಯಲ್ಲ.

ಜ್ವರವೆಂದರೆ ಮಲೇರಿಯಾ. ಮಲೆನಾಡಿನಲ್ಲಿ ಇದನ್ನು ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಇದು ಕೊಚ್ಚೆ ನೀರಿನದಲ್ಲ. ಅಂಚಿನಲ್ಲಿ ಹುಲ್ಲು ಬೆಳೆದ, ನಿಧಾನ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಮೊಟ್ಟೆಯಿಡುತ್ತದೆ. ಜಡಿಮಳೆ ಹಳ್ಳಗಳನ್ನು ಕೊಚ್ಚಿಕೊಂಡು ಹೋಗುವಾಗ ಮರಿಗಳೂ ಹೋಗುತ್ತವೆ. ಮಳೆ ನಿಂತು ಹಳ್ಳ ತಿಳಿಯಾದಾಗ ಸೊಳ್ಳೆಗೆ ಸುಗ್ಗಿ. ಕಾಫಿ ಹಣ್ಣಿನ ಕುಯ್ಲಿಗೆ ಘಟ್ಟದ ಕೆಳಗಿನ ಜನ ಬರುವುದೂ ಮಳೆ ನಿಂತ ಮೇಲೆಯೇ. ಹುಟ್ಟಿದಾರಭ್ಯ ಜ್ವರ ಉಂಡ ಸ್ಥಳೀಯ ದೊಡ್ಡವರ ಮೈಗೆ ಅಷ್ಟಿಷ್ಟು ತಡೆಯುವ ಶಕ್ತಿ ಇರುತ್ತಿತ್ತು. ಹೊಸದಾಗಿ ಬಂದವರಿಗೂ ಎಳೆಯ ಮಕ್ಕಳಿಗೂ ಅದಿರಲಿಲ್ಲ.

1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಮೂಡಿಗೆರೆಯೂ ಒಂದು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಆ ಕಾಲದ ವೈದ್ಯರಿಗಿದ್ದ ಸುಲಭ ದಾರಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಯ ಕೆಳಗೆ ಕೈಯಿಟ್ಟು ನೋಡುವುದು. ಮತ್ತೆ ಮತ್ತೆ ಜ್ವರ ಬಂದ ಮಗುವಿನ ಗುಲ್ಮ ಊದಿ ಕೈಗೆ ಸಿಗುತ್ತದೆ. ಜನ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ನೂರರಲ್ಲಿ ಎಷ್ಟು ಮಕ್ಕಳಿಗೆ ಗಡ್ಡೆ ಇದೆಯೋ ಅದೇ ಊರಿನ ಲೆಕ್ಕ. ದೊಡ್ಡವರ ಸಾವನ್ನು ಕಂಡ ಮಕ್ಕಳ ಮೈಯೇ ಆ ಸಾವಿನ ಅಳತೆಗೋಲೂ ಆಗಿತ್ತು.

ಸ್ವಾತಂತ್ರ್ಯದ ನಂತರ ಎರಡು ಬದಲಾವಣೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 12 ವರ್ಷದೊಳಗಿನವರನ್ನು ದುಡಿಸಬಾರದು ಎಂದಿತು. 50 ಅಥವಾ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಕಡ್ಡಾಯವಾಯಿತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ಶಾಲೆಗೆ ವ್ಯವಸ್ಥೆ ಮಾಡಲು ಅವಕಾಶವಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಗೆ ಡಿಡಿಟಿ ಬಂತು. ಒಂದು ಮಕ್ಕಳ ವಯಸ್ಸನ್ನು ಕಾಯಿತು, ಇನ್ನೊಂದು ಅವರ ಅಪ್ಪ ಅಮ್ಮನ ಜೀವವನ್ನು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು. ಅಪ್ಪ ಬದುಕಿದ್ದರೆ ಮಗ ಶಾಲೆಯಲ್ಲಿ ಇನ್ನೆರಡು ವರ್ಷ ಕೂರಬಹುದಿತ್ತು.

ಸಾಲದ ಮಾತು ತಡವಾಯಿತು. ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಬಿ.ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಕೂಡ 1975ರದೇ. ಕಾದಂಬರಿ ಬಂದು ಆಗಲೇ ನಲವತ್ತೆರಡು ವರ್ಷ ಕಳೆದಿತ್ತು.

ಈಗ ಘಟ್ಟದ ಕೆಳಗಿನವರು ತೋಟಗಳಿಗೆ ಬರುವುದು ಕಡಿಮೆ. ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಲೈನ್ ಮನೆಗಳಲ್ಲಿವೆ. 2010ರ ತಿದ್ದುಪಡಿ 14 ವರ್ಷದೊಳಗಿನವರನ್ನು ತೋಟದಲ್ಲಿ ದುಡಿಸುವುದನ್ನೇ ನಿಷೇಧಿಸಿತು. ಆದರೆ ಜಿಲ್ಲೆಯ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿದಾರರು. ಶಿಶುವಿಹಾರ ಕಡ್ಡಾಯವಾಗುವಷ್ಟು ಆಳುಗಳು ಅಲ್ಲಿರುವುದಿಲ್ಲ. ಅಮ್ಮ ಹಣ್ಣು ಬಿಡಿಸಲು ಹೋದಾಗ ತಮ್ಮನನ್ನು ನೋಡಿಕೊಳ್ಳುವವರು ಯಾರು? ಅಪ್ಪ ಹಾಸಿಗೆ ಹಿಡಿದರೆ ಮುಂಗಡ ತೀರಿಸುವವರು ಯಾರು? ಹಳೆಯ ಲೈನ್ ಮನೆಗಳಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಆಗಿತ್ತು: ಮನೆಯ ಹಿರಿಯ ಮಗು. ಇಂದಿನ ಲೈನ್ ಮನೆಯಲ್ಲಿ ಉತ್ತರ ಬದಲಾಗಿದೆಯೇ ಎಂದು ನೋಡಲು ಕಡತ ಬೇಕಿಲ್ಲ. ಕುಯ್ಲಿನ ದಿನ ಹೋಗಿ, ಲೈನಿನಲ್ಲಿ ಉಳಿದ ಮಕ್ಕಳನ್ನು ಎಣಿಸಿದರೆ ಸಾಕು.