ಎಂಟು ಪುಟ ಹೊತ್ತ ತಗಡು

ಆಫ್‌ಸೆಟ್ ಮುದ್ರಣದ ಪ್ಲೇಟು. ಅಲ್ಯೂಮಿನಿಯಂ. 21ನೇ ಶತಮಾನ.

ಡೆಮಿ 1/8 ಅಳತೆಯ ಕನ್ನಡ ಪುಸ್ತಕದ ಮೊದಲ ಫಾರಂನ, ಅಂದರೆ 16 ಪುಟಗಳ ಹಾಳೆಯ, ಒಂದು ಮಗ್ಗುಲಿದು. ಕಂಪ್ಯೂಟರಿನಲ್ಲಿ ಜೋಡಿಸಿದ ಪುಟಗಳನ್ನು ಲೇಸರ್ ಕಿರಣ ನೇರವಾಗಿ ತಗಡಿನ ಲೇಪದ ಮೇಲೆ ಮೂಡಿಸಿದೆ. ಹಾಳೆಯ ಹಿಂಬದಿಯ ಎಂಟು ಪುಟಗಳಿಗೆ ಬೇರೆ ಪ್ಲೇಟು. ಅಚ್ಚಾದ ಹಾಳೆಯನ್ನು ಮೂರು ಸಲ ಮಡಿಚಿದರೆ 16 ಪುಟಗಳೂ ಓದುವ ಕ್ರಮಕ್ಕೆ ಬರುತ್ತವೆ.

ಪುಟಸಂಖ್ಯೆಗಳನ್ನು ಗಮನಿಸಿ. 1ರ ಪಕ್ಕ 16, 4ರ ಪಕ್ಕ 13, 5ರ ಪಕ್ಕ 12, 8ರ ಪಕ್ಕ 9. ಯಾವ ಜೋಡಿಯನ್ನು ಕೂಡಿದರೂ 17. ಮೇಲಿನ ಸಾಲು ತಲೆಕೆಳಗಾಗಿರುವುದು ತಪ್ಪಲ್ಲ. ಮಡಿಕೆ ಬಿದ್ದಾಗ ಅದು ನೆಟ್ಟಗಾಗುತ್ತದೆ. ಅಕ್ಷರಗಳು ಕನ್ನಡಿಯ ಬಿಂಬದಂತೆ ತಿರುಗಿಲ್ಲ. ಶಾಯಿ ಮೊದಲು ರಬ್ಬರ್ ಹೊದಿಕೆಗೆ ಇಳಿದು, ಅಲ್ಲಿಂದ ಕಾಗದಕ್ಕೆ ಹೋಗುವುದರಿಂದ ಎರಡು ಸಲ ತಿರುವಾಗುತ್ತದೆ.

ಎಣ್ಣೆಶಾಯಿಯೂ ನೀರೂ ಬೆರೆಯವೆಂಬ ಗುಣವೇ ಈ ವಿದ್ಯೆಯ ಬುನಾದಿ. ಅದೇ ಗುಣದ ಕಲ್ಲಚ್ಚಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದಿತು. ಮುಂದೆ ಅಲ್ಲಿಗೂ ಸೀಸದ ಮೊಳೆಗಳು ಬಂದವು. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟಿಗೆ 1,700ಕ್ಕೂ ಹೆಚ್ಚು ಪುಟ. ಅಷ್ಟೂ ಪುಟಗಳನ್ನು ಕೈಯಿಂದ ಜೋಡಿಸಿ ಕ್ರಮ ತಪ್ಪದಂತೆ ಕಬ್ಬಿಣದ ಚೌಕಟ್ಟಿಗೆ ಬಿಗಿದವರ ದುಡಿಮೆ ನಮ್ಮ ನುಡಿಯ ದೊಡ್ಡ ಆಸ್ತಿ. ಇಂದು ತಂತ್ರಾಂಶ ಪುಟಕ್ರಮದ ಆ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತದೆ. ಲೆಕ್ಕ ಮಾತ್ರ ಅದೇ.

ಮಕ್ಕಳೇ, ಮನೆಗೆ ಹೋಗಿ ಹಾಳೆಯೊಂದನ್ನು ಮೂರು ಸಲ ಮಡಿಚಿ, ಪುಟಗಳಿಗೆ ಅಂಕಿ ಬರೆದು, ಬಿಡಿಸಿ ನೋಡಿ.