ಯುದ್ಧಕಾಲದ ಜನಪ್ರತಿರೋಧ: ಸಹಕಾರಿ ಮಣೆಯಾಟಗಳು ಮತ್ತು ಧಾರವಾಡ ಸೀಮೆಯ 1942

ಪಗಡೆ, ಚೌಕಾಬಾರ, ಚದುರಂಗ ಮೊದಲಾದ ನಮಗೆ ಪರಿಚಿತವಾದ ಮಣೆಯಾಟಗಳಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಇದಕ್ಕೆ ಭಿನ್ನವಾಗಿ, ಆಡುವವರೆಲ್ಲರೂ ಒಂದೇ ಪಕ್ಷವಾಗಿ ನಿಂತು, ಆಟದ ನಿಯಮಗಳೇ ಒಡ್ಡುವ ಸಂಕಟವನ್ನು ಎದುರಿಸುವ ಆಟಗಳಿಗೆ 'ಸಹಕಾರಿ ಮಣೆಯಾಟ'ಗಳೆಂದು ಹೆಸರು. ಇಲ್ಲಿ ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ. ಯುದ್ಧಕಾಲದಲ್ಲಿ ಸೈನ್ಯಬಲವಿಲ್ಲದ ಜನಸಾಮಾನ್ಯರು ಅಧಿಕಾರವನ್ನು ಎದುರಿಸಿದ ಬಗೆಯನ್ನು ಇಂತಹ ಕೆಲವು ಆಟಗಳು ವಸ್ತುವಾಗಿ ಆರಿಸಿಕೊಂಡಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕುರ್ತಕೋಟಿ, ಗದಗ, ಮುಂಡರಗಿಗಳನ್ನು ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯೂ ಅಂತಹ ಪ್ರತಿರೋಧವನ್ನು ಕಂಡಿದ್ದರಿಂದ ಈ ಆಟಗಳ ತರ್ಕ ಇಲ್ಲಿನ ಓದುಗರಿಗೆ ಹೊಸದೆನಿಸಲಾರದು.

ಆಟಗಳ ಬೆಳವಣಿಗೆ

ಸಹಕಾರಿ ಮಣೆಯಾಟಗಳಿಗೆ ವ್ಯಾಪಕ ಮನ್ನಣೆ ದೊರೆತದ್ದು 2000ದ ನಂತರ. ಆ ವರ್ಷ ಜರ್ಮನಿಯ ರೈನರ್ ಕ್ನಿಜಿಯಾ ರೂಪಿಸಿದ 'ಲಾರ್ಡ್ ಆಫ್ ದಿ ರಿಂಗ್ಸ್' ಹೊರಬಂದಿತು. 2008ರಲ್ಲಿ ಅಮೆರಿಕದ ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' ಬಂದಿತು. ಸಾಂಕ್ರಾಮಿಕ ರೋಗಗಳನ್ನು ಎಲ್ಲರೂ ಸೇರಿ ತಡೆಯುವ ಈ ಆಟವು ಮುಂದಿನ ಅನೇಕ ಆಟಗಳಿಗೆ ಮಾದರಿಯಾಯಿತು.

ಪ್ರತಿರೋಧವನ್ನು ಕುರಿತ ಆಟಗಳಲ್ಲಿ ಜೇಕ್ ಸ್ಟೇನ್ಸ್ ಅವರ 'ಮಾಕಿ' (2013) ಉಲ್ಲೇಖನೀಯ. ಮೂಲತಃ ಒಬ್ಬರೇ ಆಡುವಂತೆ ರಚಿತವಾದ ಈ ಆಟದಲ್ಲಿಯೂ ಎದುರಾಳಿಯ ಪಾತ್ರವನ್ನು ನಿಯಮಗಳೇ ವಹಿಸುತ್ತವೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಒಂದು ಊರೇ ಅದರ ಮಣೆ. ಆಡುವವನು ತನ್ನ ಕಾರ್ಯಕರ್ತರನ್ನು ಊರಿನ ವಿವಿಧ ತಾಣಗಳಿಗೆ ಕಳುಹಿಸುತ್ತಾನೆ; ಒಂದೊಂದು ನಡೆಗೂ ಒಂದೊಂದು ಗಸ್ತಿನ ಕಾಯಿ ಮಣೆಗೆ ಬರುತ್ತದೆ. ಕಳುಹಿಸಿದ ಕಾರ್ಯಕರ್ತ ಸುರಕ್ಷಿತ ಮನೆಗೆ ಮರಳಲು ದಾರಿ ತೆರೆದಿರಬೇಕು, ಇಲ್ಲವಾದರೆ ಆತ ಬಂಧಿತನಾಗುತ್ತಾನೆ. ಗಸ್ತಿನವನನ್ನು ಗುಂಡಿಕ್ಕಿ ಕೊಲ್ಲಲು ಅವಕಾಶವುಂಟು. ಆದರೆ ಹಾಗೆ ಕೊಂದರೆ ಅವನ ಸ್ಥಾನಕ್ಕೆ ಕೊಲ್ಲಲಾಗದ ಸೈನಿಕ ಬರುತ್ತಾನೆ. ಹಿಂಸೆಯ ಬೆಲೆಯೇನೆಂಬುದನ್ನು ಆಟ ಈ ಒಂದು ನಿಯಮದಿಂದಲೇ ತಿಳಿಸುತ್ತದೆ.

2017ರ 'ದಿಸ್ ವಾರ್ ಆಫ್ ಮೈನ್' ಎಲ್ಲರೂ ಸೇರಿ ಆಡುವ ಪೋಲೆಂಡಿನ ಆಟ. 1990ರ ದಶಕದ ಸರಯೇವೊ ಮುತ್ತಿಗೆಯಿಂದ ಪ್ರೇರಿತವಾದ ಗಣಕಯಂತ್ರದ ಆಟವೊಂದು ಇದಕ್ಕೆ ಮೂಲ. ಪಾಳುಮನೆಯೊಂದರಲ್ಲಿ ಆಶ್ರಯ ಪಡೆದ ನಾಗರಿಕರು ಅನ್ನ, ನೀರು, ಔಷಧಗಳನ್ನು ಹೊಂದಿಸಿಕೊಂಡು ಬದುಕುಳಿಯುವುದೇ ಇಲ್ಲಿ ಗೆಲುವು. ಭಾರತದ ಸ್ವಾತಂತ್ರ್ಯ ಚಳವಳಿಯನ್ನು ಕುರಿತ ಬ್ರೂಸ್ ಮ್ಯಾನ್ಸ್‌ಫೀಲ್ಡ್ ಅವರ 'ಗಾಂಧಿ' (2019) 1917ರಿಂದ 1947ರವರೆಗಿನ ಅವಧಿಯನ್ನು ಒಳಗೊಂಡಿದೆ. ಅದರಲ್ಲಿ ಬ್ರಿಟಿಷ್ ಸರಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್ ಹಾಗೂ ಕ್ರಾಂತಿಕಾರಿಗಳು ಎಂಬ ನಾಲ್ಕು ಪಕ್ಷಗಳಿದ್ದು, ಒಂದೊಂದೂ ತನ್ನ ಗೆಲುವಿಗಾಗಿ ಆಡುತ್ತದೆ. ಆದ್ದರಿಂದ ಅದು ಪೂರ್ಣಾರ್ಥದಲ್ಲಿ ಸಹಕಾರಿ ಆಟವಲ್ಲ.

ಧಾರವಾಡ ಜಿಲ್ಲೆಯ ಅನುಭವ

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯ ಅಂಗೀಕೃತವಾಯಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಇತರ ಮುಖಂಡರೂ ಬಂಧಿತರಾಗಿದ್ದರು. ಆದೇಶ ನೀಡಬೇಕಾದವರು ಸೆರೆಮನೆಯಲ್ಲಿದ್ದುದರಿಂದ ಚಳವಳಿಯ ಹೊಣೆ ಸಣ್ಣ ಸಣ್ಣ ತಂಡಗಳ ಮೇಲೆ ಬಿದ್ದಿತು. ಆಗಸ್ಟ್ ತಿಂಗಳಿನಲ್ಲಿಯೇ ಹುಬ್ಬಳ್ಳಿಯಲ್ಲಿ ಪೊಲೀಸರ ಗುಂಡಿಗೆ ಬಾಲಕ ನಾರಾಯಣ ಡೋಣಿ ಬಲಿಯಾದನು. ರಂಗನಾಥ ದಿವಾಕರರು ಭೂಗತರಾಗಿ ಕರ್ನಾಟಕದ ಚಳವಳಿಗೆ ಮಾರ್ಗದರ್ಶನ ನೀಡಿದರು.

ಜಿಲ್ಲೆಯ ಭೂಪಟವೇ ಒಂದು ಮಣೆಯಂತಿತ್ತು. ಗದಗ ಮುಂಬಯಿ ಪ್ರಾಂತಕ್ಕೂ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಪೂರ್ವಕ್ಕೆ ನಿಜಾಮರ ಸೀಮೆ. ಸರಕಾರದ ಕೈಕಾಲುಗಳೆಂದರೆ ರೈಲು ನಿಲ್ದಾಣ, ತಂತಿ, ಟಪಾಲು ಮತ್ತು ಊರ ಚಾವಡಿಯ ದಫ್ತರ. ತಂಡಗಳು ಗುರಿ ಮಾಡಿದ್ದು ಇವುಗಳನ್ನೇ. ತಂತಿ ಕಡಿಯುವುದು, ಟಪಾಲು ಚೀಲಗಳನ್ನು ಕಸಿಯುವುದು, ಕಂದಾಯದ ಕಾಗದಪತ್ರಗಳನ್ನು ಸುಡುವುದು ಇವರ ಕಾರ್ಯಕ್ರಮಗಳಾಗಿದ್ದವು. ಪ್ರಾಣಹಾನಿ ಮಾಡದೆ ಆಡಳಿತ ಅಲುಗಾಡದಂತೆ ಕಟ್ಟಿಹಾಕುವುದೇ ಇದರ ಉದ್ದೇಶ. ಊಟ ಹಾಕುವವರು, ಸುದ್ದಿ ಮುಟ್ಟಿಸುವವರು, ಕಂಡೂ ಕಾಣದಂತೆ ಸುಮ್ಮನಿರುವವರು ಇಲ್ಲದಿದ್ದರೆ ಯಾವ ತಂಡವೂ ವಾರಕಾಲ ಉಳಿಯುತ್ತಿರಲಿಲ್ಲ.

ಈ ಸಂಯಮ ಎಲ್ಲೆಡೆಯೂ ಉಳಿಯಲಿಲ್ಲ. ಮೈಸೂರು ಸಂಸ್ಥಾನದ ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. ಸೈನ್ಯ ಊರಿಗೆ ನುಗ್ಗಿತು. 1943ರ ಮಾರ್ಚ್ ತಿಂಗಳಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು.

ಹುಲಿ-ಕುರಿಯ ನ್ಯಾಯ

ಬಲಹೀನರು ಒಂದಾಗಿ ಬಲಿಷ್ಠನನ್ನು ಎದುರಿಸುವ ಆಟ ಕನ್ನಡನಾಡಿನಲ್ಲಿ ಹಿಂದಿನಿಂದಲೂ ಇದೆ. ಹಳೆಯ ದೇಗುಲಗಳ ಕಲ್ಲುಹಾಸಿನ ಮೇಲೂ ಊರ ಕಟ್ಟೆಗಳ ಮೇಲೂ ಗೀಚಿದ ಹುಲಿ-ಕುರಿ ಆಟದ ಗೆರೆಗಳನ್ನು ಇಂದಿಗೂ ಕಾಣಬಹುದು. ಆಡು-ಹುಲಿ ಎಂದೂ ಕರೆಯಲಾಗುವ ಈ ಆಟದ ಒಂದು ಪ್ರಚಲಿತ ರೂಪದಲ್ಲಿ ಮೂರು ಹುಲಿಗಳು, ಹದಿನೈದು ಕುರಿಗಳು. ಹುಲಿಯು ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಸ್ಥಾನದಲ್ಲಿ ಕುಳಿತರೆ ಆ ಕುರಿ ಸತ್ತಂತೆ. ಕುರಿಗೆ ಹಾರುವ ಅಧಿಕಾರವಿಲ್ಲ, ಅದು ಹುಲಿಯನ್ನು ಕೊಲ್ಲಲಾರದು. ಒಂದರ ಬೆನ್ನಿಗೆ ಇನ್ನೊಂದು ನಿಂತು, ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಮಾಡಿದಾಗ ಕುರಿಗಳು ಗೆಲ್ಲುತ್ತವೆ. ಬೆನ್ನಿಗೆ ಆಸರೆಯಿಲ್ಲದೆ ಒಂಟಿಯಾಗಿ ಮುಂದೆ ನಡೆದ ಕುರಿ ಹುಲಿಯ ಬಾಯಿಗೆ ಬೀಳುತ್ತದೆ.

ಇದನ್ನು ಆಡುವವರು ಇಬ್ಬರೇ ಆದ್ದರಿಂದ ಇದು ಸಹಕಾರಿ ಆಟವಲ್ಲ. ಆದರೆ ಕುರಿಗಳ ಪಾಲಿನ ನಿಯಮವು 1942ರ ತಂಡಗಳ ನಿಯಮಕ್ಕೂ ಇಂದಿನ ಪ್ರತಿರೋಧದ ಆಟಗಳ ನಿಯಮಕ್ಕೂ ಬಹು ಸಮೀಪವಾದುದು.

ಆಟಕ್ಕೆ ನಿಲುಕದ್ದು

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಕನ್ನಡಿಗರು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ ಸರಕಾರಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಲ್ಲಿಯೇ ಹುತಾತ್ಮರಾದರು. ಮಣೆಯ ಮೇಲೆ ಕಡಿದ ಕಾಯಿ ಮುಂದಿನ ಆಟಕ್ಕೆ ಮತ್ತೆ ಮನೆಯಲ್ಲಿ ಕೂರುತ್ತದೆ. ಹೊಸರಿತ್ತಿಗೆ ಹೋದ ಆ ಮೂವರು ಮನೆಗೆ ಮರಳಲಿಲ್ಲ.

ಗುಪ್ತಕಾರ್ಯವು ಸತ್ಯಾಗ್ರಹಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯೂ ಉಳಿಯಿತು. 1944ರಲ್ಲಿ ಬಿಡುಗಡೆಯಾದ ಗಾಂಧೀಜಿ ಒಪ್ಪುವುದಿಲ್ಲವೆಂದೇ ಭಾವಿಸಿ, ಭೂಗತರು ಹೊರಬರಬೇಕೆಂದು ಸಲಹೆಯಿತ್ತರು. ದಿವಾಕರರು ಆ ವರ್ಷವೇ ಸರಕಾರಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಧಾರವಾಡ ಸೀಮೆಯ 1942ನ್ನು ಮಣೆಯ ಮೇಲೆ ತರುವವರು ಈ ಎರಡನ್ನೂ ಬಿಡುವಂತಿಲ್ಲ. ತಂತಿ ಕಡಿದದ್ದನ್ನು ಲೆಕ್ಕ ಹಾಕುವ ಆಟವು ಬಾಗಿಲು ತೆರೆದು ಅನ್ನವಿಕ್ಕಿದ ಮನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಹುಲಿಯನ್ನು ಕಟ್ಟಿಹಾಕಿದ್ದು ಮುಂದೆ ನಿಂತ ಕುರಿಯಷ್ಟೇ ಅಲ್ಲ, ಅದರ ಬೆನ್ನಿಗೆ ನಿಂತದ್ದೂ ಹೌದು.