ಸೀಟಿಗೆ ಬೆಲೆ ಬಂದ ಬಗೆ

ಕರ್ನಾಟಕದಲ್ಲಿ ವೈದ್ಯಕೀಯ ಸೀಟಿಗೆ ಬೆಲೆ ಕಟ್ಟಿದ್ದು ಮಾರುಕಟ್ಟೆಯೊಂದೇ ಅಲ್ಲ, ಸರ್ಕಾರವೂ ಹೌದು. ಡೊನೇಷನ್ ಹಾವಳಿ ತಡೆಯಲು 1984ರಲ್ಲಿ ಕಾಯ್ದೆ ಬಂತು. ಅದರಡಿಯೇ ಹೊರಟ 1989ರ ಅಧಿಸೂಚನೆ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಮಿತಿ ಹಾಕಿತು. ಪಾಠ ಒಂದೇ, ದರ ಮೂರು. ಈ 60,000 ಕ್ಯಾಪಿಟೇಶನ್ ಶುಲ್ಕವೇ, ಅಂದರೆ ಡೊನೇಷನ್ನೇ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಖಾಸಗಿ ಬಂಡವಾಳವಿಲ್ಲದೆ ಕಾಲೇಜುಗಳೇ ಹುಟ್ಟುತ್ತಿರಲಿಲ್ಲ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಕಟ್ಟಡದ ಖರ್ಚನ್ನು ವಿದ್ಯಾರ್ಥಿಯ ಮೇಲೆ ಹೊರಿಸಿದರೆ ಬಡವರಿಗೆ ಬಾಗಿಲು ಮುಚ್ಚಿದಂತೆಯೇ. ಅಂಕವೊಂದೇ ಪರಿಹಾರವೂ ಅಲ್ಲ: 1993ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂಕದ ಆಧಾರದ ಮೇಲೆ ಹಂಚಲು ಹೇಳಿದ ಉಚಿತ ಸೀಟುಗಳು ಹೆಚ್ಚಾಗಿ ಉಳ್ಳವರ ಪಾಲಾದವೆಂದು 2002ರಲ್ಲಿ ಅದೇ ನ್ಯಾಯಾಲಯ ಗುರುತಿಸಿತು. ಒಳ್ಳೆಯ ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನ ಜೊತೆಗೂಡದೆ ಶುಲ್ಕದ ಮಿತಿಯಷ್ಟೇ ಸಮಾನತೆ ತಾರದು.